ಮುಟ್ಟಿದರೆ ಕಳವು

ಶುಕ್ರವಾರದ ಫೋನಿನಲ್ಲಿ ಅನೀಸ್ ಒಂದೇ ಒಂದು ಸುಳ್ಳು ಹೇಳಿದ. ದೊಡ್ಡ ಸುಳ್ಳೇನಲ್ಲ, ಬರೀ ಒಂದು ‘ಹ್ಞೂಂ’. ಶನಿವಾರ ಪೂರ್ತಿ ಅವನು ಪಟ್ಟ ಪಾಡಿಗೆ ಅಷ್ಟೇ ಕಾರಣ.

ಅನೀಸ್ ರಾಮನಗರದಲ್ಲಿ ರೇಷ್ಮೆ ರೀಲರ್. ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಿ ರೈತರು ತಂದ ಗೂಡು ಕೊಂಡು, ಮನೆ ಹಿಂದಿನ ಶೆಡ್ಡಿನಲ್ಲಿ ಬೇಯಿಸಿ ನೂಲು ತೆಗೆಸುವುದು ಅವನ ಕಸುಬು. ನಾಲ್ಕು ತಿಂಗಳ ಹಿಂದೆ ಕನಕಪುರದ ಫಕ್ರುದ್ದೀನ್ ಸಾಹೇಬರ ಮಗಳು ಮಿಸ್ಬಾಳ ಜೊತೆ ಅವನ ನಿಶ್ಚಿತಾರ್ಥವಾಗಿತ್ತು. ಹುಡುಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಫಕ್ರುದ್ದೀನರು ಶಿಸ್ತಿನ ಮನುಷ್ಯ. ಮದುವೆಯ ತನಕ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದಿದ್ದರೆ ಶುಕ್ರವಾರ ನಮಾಜಾದ ಮೇಲೆ, ತಮ್ಮ ಫೋನಿನಿಂದ, ಸ್ಪೀಕರ್ ಹಾಕಿಕೊಂಡು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಆ ಕಡೆ ಹುಡುಗಿಯ ಅಪ್ಪ ಅಮ್ಮ, ಈ ಕಡೆ ಅನೀಸನ ತಾಯಿ ಶರ್ಫುನ್ನೀಸಾ ಕಿವಿ ತೆರೆದು ಕೂತಿರುತ್ತಿದ್ದರು. ಹೀಗಾಗಿ ನಾಲ್ಕು ತಿಂಗಳಲ್ಲಿ ಇಬ್ಬರೂ ಆಡಿದ್ದೆಲ್ಲ ಮಳೆ, ನೆಗಡಿ, ಬಸ್ಸಿನ ಟೈಮು, ಇಷ್ಟೇ.

ಅನೀಸನಿಗೆ ಕೇಳಬೇಕಾಗಿದ್ದದ್ದು ಬೇರೆ. ಹೆಣ್ಣು ನೋಡಲು ಹೋದ ದಿನ ಮಿಸ್ಬಾ ತಲೆ ಎತ್ತಿರಲಿಲ್ಲ. ‘ನಮ್ಮ ಹುಡುಗಿಗೆ ಒಪ್ಪಿಗೆ’ ಎಂದವರು ಅವಳ ಅಪ್ಪ. ಓದಿದ ಹುಡುಗಿ, ನಾಲ್ಕು ಜನರಿಗೆ ಪಾಠ ಹೇಳುವವಳು. ಬೆಂದ ಗೂಡಿನ ವಾಸನೆ ಮೈಗೇ ಅಂಟಿರುವ ತನ್ನನ್ನು ಮನಸ್ಸಿಟ್ಟು ಒಪ್ಪಿದಳೋ, ಇಲ್ಲ ಅಪ್ಪನ ಮುಖ ನೋಡಿ ತಲೆಯಾಡಿಸಿದಳೋ? ಇದನ್ನು ಸ್ಪೀಕರ್ ಹಾಕಿದ ಫೋನಿನಲ್ಲಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಕೇಳದೆ ಮದುವೆಯಾಗುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಆ ಶುಕ್ರವಾರ ಮಿಸ್ಬಾ ಎಲ್ಲರೂ ಕೇಳುತ್ತಿದ್ದಂತೆಯೇ, ನೀವು ಕಂಪ್ಯೂಟರಿನಲ್ಲಿ ಗೇಮ್ ಆಡುತ್ತೀರಾ ಎಂದು ಕೇಳಿ ಒಂದು ಆಟದ ಹೆಸರು ಹೇಳಿದಳು. ಅನೀಸ್ ಮೊಬೈಲಿನಲ್ಲಿ ಕೇರಂ ಬಿಟ್ಟು ಬೇರೇನೂ ಆಡಿದವನಲ್ಲ. ಆದರೂ ಬಾಯಿ ‘ಹ್ಞೂಂ’ ಅಂದುಬಿಟ್ಟಿತು.

“ಹಾಗಾದ್ರೆ ನಾಳೆ ಸಂಜೆ ಆರಕ್ಕೆ ಆಟದಲ್ಲಿ ಗಿರಣಿ ಪಕ್ಕದ ಸೇತುವೆ ಹತ್ರ ಬನ್ನಿ. ನಾನಿರ್ತೀನಿ,” ಎಂದಳು ಮಿಸ್ಬಾ. “ಫೋನ್ ವಿಷ್ಯಕ್ಕೆ ತಾನೆ ನಾವು ಮಾತು ಕೊಟ್ಟಿರೋದು. ಆಟದ ವಿಷ್ಯ ಯಾರೂ ಕೇಳಿಲ್ವಲ್ಲ.”

ಆ ಕಡೆ ಫಕ್ರುದ್ದೀನರು ಒಮ್ಮೆ ಕೆಮ್ಮಿದರು. ಕರೆ ಮುಗಿಯಿತು.

ಶನಿವಾರ ಮಾರ್ಕೆಟ್ಟಿನ ಕೆಲಸ ಮುಗಿದದ್ದೇ ಅನೀಸ್ ಗೂಡಿನ ಚೀಲಗಳನ್ನು ಶೆಡ್ಡಿಗೆ ಹಾಕಿ, ತಾಯಿಗೆ ಜೆರಾಕ್ಸ್ ಮಾಡಿಸಲು ಹೋಗುತ್ತೇನೆಂದು ಹೇಳಿ ದೀಪುವಿನ ಅಂಗಡಿಗೆ ಓಡಿದ. ದೀಪು ಮುಂದೆ ಜೆರಾಕ್ಸ್ ಮೆಶಿನ್ ಇಟ್ಟುಕೊಂಡು ಹಿಂದೆ ಪರದೆ ಕಟ್ಟಿ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುವ ಹುಡುಗ. ವಿಷಯ ಕೇಳಿ ಅವನಿಗೆ ನಗು ತಡೆಯಲಿಲ್ಲ. ಆದರೂ ಅನೀಸಣ್ಣನ ಮದುವೆ ಮಾತು ಎಂದು ಒಳ್ಳೇ ಕುರ್ಚಿ ಒರೆಸಿ ಕೊಟ್ಟ.

ಆಟವೆಂದರೆ ಒಂದು ಇಡೀ ಸೀಮೆ. ರಾಜರ ಕಾಲದ ಹಳ್ಳಿಗಳು, ಕಾಡು, ಸಂತೆ, ಕೋಟೆ. ಅಲ್ಲಿ ನಿಮ್ಮದೊಂದು ಬೊಂಬೆ, ಅದನ್ನು ಎಲ್ಲಿ ಬೇಕಾದರೂ ನಡೆಸಬಹುದು. ಆದರೆ ಅದಕ್ಕೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಜೇಬಿನಲ್ಲಿ ಮಾತ್ರ ಏನೂ ಇರುವುದಿಲ್ಲ. ಹೊಸಬರೆಲ್ಲ ಸೀಮೆಯ ಒಂದು ಮೂಲೆಯ ಹಳ್ಳಿಯಲ್ಲಿ ಕಣ್ಣು ಬಿಡುತ್ತಾರೆ. ಗಿರಣಿ ಸೇತುವೆ ಇರುವುದು ಇನ್ನೊಂದು ಮೂಲೆಯಲ್ಲಿ.

“ನೋಡಣ್ಣ, ಬದುಕ್ಬೇಕು ಅಂದ್ರೆ ಮೊದ್ಲು ಹೊಟ್ಟೆ ನೋಡ್ಕೊ,” ಎಂದು ದೀಪು ಪಾಠ ಶುರುಮಾಡಿದ. “ಗೊತ್ತಿಲ್ದಿದ್ದು ತಿನ್ಬೇಡ. ಕಾಸಿಲ್ಲ, ಅದಕ್ಕೇ ಎಲ್ರೂ ಮೊದ್ಲು ಕದ್ದೇ ಬದುಕೋದು. ಕದೀಬೇಕಾದ್ರೆ ಬೆನ್ ಹಿಂದ್ಲಿಂದ ಹೋಗು, ಕುಕ್ಕರಗಾಲಲ್ಲಿ ನಡಿ, ಹಗುರ್ವಾದ್ದು ಎತ್ಕೊ. ಕದ್ದ ಮಾಲ್ನ ಮಾತ್ರ ಅದೇ ಊರಾಗೆ ಮಾರಕ್ಕೋಗ್ಬೇಡ.”

ಕದಿಯುವುದು ತನ್ನಿಂದ ಆಗದು ಎಂದು ಅನೀಸ್ ಆಗಲೇ ಹೇಳಿಬಿಟ್ಟ. ಕೂಲಿ ಮಾಡಿ ತಿನ್ನುವುದಿದ್ದರೆ ಹೇಳು ಎಂದ. ಅದಕ್ಕೆಲ್ಲ ಟೈಮಿಲ್ಲ ಎಂದ ದೀಪು.

ಹೀಗೆ ಧರ್ಮವಂತನಾಗಿ ಹೊರಟ ಅನೀಸ್ ಹತ್ತು ಹೆಜ್ಜೆಯಲ್ಲಿ ಕಳ್ಳನಾದ. ಬೀದಿಯಲ್ಲೊಂದು ಧಾನ್ಯದ ಅಂಗಡಿಯಿತ್ತು. ಅಂಗಡಿಯ ಮುಂದೆ ಬುಟ್ಟಿ ತುಂಬ ಕಾಳು. ಗೂಡಿನ ಮಾರ್ಕೆಟ್ಟಿನಲ್ಲಿ ಹತ್ತು ವರ್ಷ ಕಳೆದವನ ಕೈ ಅದು. ಅಲ್ಲಿ ರೀಲರ್ ಆದವನು ಮೊದಲು ರಾಶಿಗೆ ಕೈ ಹಾಕುತ್ತಾನೆ, ಒಂದು ಹಿಡಿ ಎತ್ತುತ್ತಾನೆ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾನೆ, ಆಮೇಲೆ ಬೆಲೆಯ ಮಾತು. ಯಾರನ್ನೂ ಕೇಳುವ ಪದ್ಧತಿಯಿಲ್ಲ. ಅನೀಸ್ ಅದೇ ಧಾಟಿಯಲ್ಲಿ ಬುಟ್ಟಿಯಿಂದ ಒಂದು ಹಿಡಿ ಕಾಳು ಎತ್ತಿದ. ಅಂಗಡಿಯವನು ಕೂಗಿಕೊಂಡ, ಎಲ್ಲಿದ್ದನೋ ಒಬ್ಬ ಕಾವಲಿನವನು ಬಂದು ಕುತ್ತಿಗೆ ಪಟ್ಟಿ ಹಿಡಿದ.

“ನಾನು ಮಾಲ್ ನೋಡ್ತಿದ್ದೆ ಕಣೋ,” ಎಂದು ಅನೀಸ್ ಕಂಪ್ಯೂಟರಿನ ಪರದೆಗೆ ಹೇಳಿದ.

“ಇಲ್ಲಿ ಮುಟ್ಟಿದ್ರೇ ಕಳ್ತನ ಅಣ್ಣ,” ಎಂದ ದೀಪು.

ಆಟದ ಜೈಲು ಕಾಲು ಗಂಟೆ. ಹೊರಗೆ ಬರುವಾಗ ದಂಡವೆಂದು ಬೊಂಬೆಯ ಬೂಟು ಕಿತ್ತುಕೊಂಡರು. ಇನ್ನು ಮುಟ್ಟುವುದಿಲ್ಲ ಎಂದು ದೀಪುವಿಗೆ ಹೇಳಿ ಮುಗಿಸುವ ಮೊದಲೇ ಎದುರಿಗೆ ಹಣ್ಣಿನ ಗಾಡಿ ಬಂತು, ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಒತ್ತಿತು. ಈ ಸಲ ಅಂಗಿಯೂ ಹೋಯಿತು.

ಎರಡನೇ ಜೈಲುವಾಸದ ನಡುವೆ ಕೋಡಿಹಳ್ಳಿಯ ಮುತ್ತುರಾಜು ಪರದೆ ಸರಿಸಿ ಇಣುಕಿದ. ಬೆಳಿಗ್ಗೆ ಇದೇ ಮುತ್ತುರಾಜುವಿನ ಗೂಡನ್ನೇ ಅನೀಸ್ ಕೊಂಡಿದ್ದದ್ದು. ಗೂಡು ಮಾರಿ, ಪಹಣಿ ಜೆರಾಕ್ಸ್ ಮಾಡಿಸಿಕೊಂಡು ಊರಿನ ಬಸ್ಸು ಹಿಡಿಯಲು ಬಂದವನು. ಏನು ನಡೆಯುತ್ತಿದೆ ಎಂದು ದೀಪು ವಿವರಿಸಿದ ಮೇಲೆ ಅವನು ಬಸ್ಸನ್ನು ಮರೆತ. ಒಂದು ಸ್ಟೂಲು ಎಳೆದುಕೊಂಡು ಕೂತುಬಿಟ್ಟ.

“ವಾರ ವಾರ ನನ್ ಗೂಡ್ಗೂ ಹಿಂಗೇ ಕೈ ಇಕ್ತೀಯಲ್ಲ, ಕೇಳೋರಿದ್ರಾ?” ಎಂದ ಮುತ್ತುರಾಜು. “ನಮ್ ಮಾರ್ಕೆಟ್ನಾಗೂ ಒಸಿ ಇಂಥ ಪೊಲೀಸ್ರು ಇದ್ದಿದ್ರೆ ನಾನು ಇಷ್ಟೊತ್ಗೆ ಮಹಡಿ ಮನೆ ಕಟ್ತಿದ್ದೆ ಕಣ್ಲಾ.”

ಬಿಡುಗಡೆಯಾದ ಬೊಂಬೆಗೆ ಹಸಿವು ಶುರುವಾಯಿತು. ಪರದೆ ಮಂಕಾಯಿತು, ಬೊಂಬೆ ತೂರಾಡತೊಡಗಿತು. ದಾರಿಯ ಪಕ್ಕದ ಗುಡಿಸಲಿನ ಕಿಟಕಿಯಲ್ಲಿ ಒಬ್ಬ ಮುದುಕಿ ರೊಟ್ಟಿ ಸುಟ್ಟು ಆರಲು ಇಟ್ಟಿದ್ದಳು. ಇದಕ್ಕಿಂತ ಸುಲಭದ ಕಳವು ಈ ಸೀಮೆಯಲ್ಲೇ ಇಲ್ಲ, ಹೊಸಬರೆಲ್ಲ ಇಲ್ಲೇ ಕೈ ಪಳಗಿಸಿಕೊಳ್ಳುವುದು ಎಂದ ದೀಪು. ಅನೀಸ್ ಬೊಂಬೆಯನ್ನು ಕುಕ್ಕರಗಾಲಿನಲ್ಲಿ ಕಿಟಕಿಯ ತನಕ ತಂದ. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕೈ ನಿಂತುಹೋಯಿತು.

“ಒಬ್ರೇ ಇದಾರೆ ಕಣೋ ದೀಪು. ರಾತ್ರಿಗೆ ಅಂತ ಇಟ್ಕೊಂಡಿರ್ತಾರೆ.”

“ಅದು ಕಂಪ್ಯೂಟರ್ ಅಜ್ಜಿ ಅಣ್ಣ. ಉಣ್ಣಲ್ಲ.”

ಅನೀಸ್ ಒಪ್ಪಲಿಲ್ಲ. ಕಾಡಿಗೆ ಹೋಗಿ ಕೈಗೆ ಸಿಕ್ಕ ಅಣಬೆ ತಿಂದ. ಗೊತ್ತಿಲ್ಲದ ಅಣಬೆ ತಿನ್ನುತ್ತಾರೇನ್ಲಾ ಎಂದು ಮುತ್ತುರಾಜು ಎದ್ದು ನಿಲ್ಲುವಷ್ಟರಲ್ಲಿ ಬೊಂಬೆ ಹೊಟ್ಟೆ ಹಿಡಿದುಕೊಂಡು ಬಿದ್ದಿತ್ತು. ಕಣ್ಣು ಬಿಟ್ಟಾಗ ಮತ್ತೆ ಶುರುವಿನ ಹಳ್ಳಿ. ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಅದೇ ಹೊತ್ತಿಗೆ ಶರ್ಫುನ್ನೀಸಾ ಫೋನು ಮಾಡಿ, ಶೆಡ್ಡಿನಲ್ಲಿ ನೂಲಿನ ಎಳೆ ತುಂಡಾಗುತ್ತಿದೆ, ಬೆಳಿಗ್ಗೆಯಿಂದ ಅದೇನು ಜೆರಾಕ್ಸು, ಊರಿಗೆಲ್ಲ ಹಂಚುತ್ತೀಯಾ ಎಂದು ಕೇಳಿದರು. ಇನ್ನೊಂದೆರಡು ಪ್ರತಿ ಬಾಕಿ ಇದೆ ಅಮ್ಮಿ ಎಂದು ಅನೀಸ್ ಫೋನಿಟ್ಟ.

ಈ ಸಲ ಮುತ್ತುರಾಜುವೇ ಮುಂದಾಳು. ಹೊಲಗಳನ್ನು ತೋರಿಸಿ, ಕಿತ್ತ ಮೇಲೆ ಉಳಿದ ಮೂಲಂಗಿಯನ್ನು ಯಾರೂ ಕೇಳುವುದಿಲ್ಲ ಎಂದ. ಆಟದವರಿಗೂ ಆ ನ್ಯಾಯ ಗೊತ್ತಿತ್ತು, ಯಾರೂ ಕೇಳಲಿಲ್ಲ. ಬೊಂಬೆ ಎರಡು ಮೂಲಂಗಿ ತಿಂದು, ಎರಡನ್ನು ಜೋಳಿಗೆಗೆ ಹಾಕಿಕೊಂಡು ಚೇತರಿಸಿಕೊಂಡಿತು. ಹೊಳೆಯಲ್ಲಿ ಮೈ ತೊಳೆದುಕೊಂಡಿತು. ಐದೂಕಾಲರ ಹೊತ್ತಿಗೆ ಸೇತುವೆಯ ಹಿಂದಿನ ಊರು ಕಾಣಿಸಿತು. ಏನು ಕೇಳಬೇಕೆಂಬುದನ್ನು ಅನೀಸ್ ತುಟಿಯಲ್ಲೇ ಹತ್ತಾರು ಸಲ ಹೇಳಿ ನೋಡಿಕೊಂಡ.

ಅಷ್ಟರಲ್ಲಿ ಮುತ್ತುರಾಜು ಹೊಸ ತಕರಾರು ತೆಗೆದ. ಮದುವೆ ಆಗೋ ಹುಡುಗಿಯನ್ನು ನೋಡಲು ಯಾರಾದರೂ ಬರಿಗೈಲಿ ಹೋಗುತ್ತಾರಾ? ಒಂದು ಮೊಳ ಹೂವಾದರೂ ಬೇಡವಾ? ಮೂಲಂಗಿ ಕೊಡುತ್ತೀಯಾ? ಅನೀಸನಿಗೆ ಈ ಮಾತು ನಾಟಿತು. ನಿಶ್ಚಿತಾರ್ಥಕ್ಕೆ ತಾಯಿ ಕೊಟ್ಟ ಸೀರೆ, ಸಿಹಿ ಬಿಟ್ಟರೆ ತಾನಾಗಿ ತಾನು ಅವಳಿಗೆ ಇಷ್ಟು ದಿನದಲ್ಲಿ ಏನನ್ನೂ ಕೊಟ್ಟಿರಲಿಲ್ಲ. ಆದರೆ ಬೊಂಬೆಯ ಜೇಬಿನಲ್ಲಿ ಕಾಸಿಲ್ಲ, ಮೈಮೇಲೆ ಅಂಗಿಯೂ ಇಲ್ಲ. ಉಳಿದದ್ದು ದೀಪುವಿನ ದಾರಿ ಒಂದೇ.

ಬಡವರ ಮನೆ ಬೇಡ ಎಂಬ ಒಂದು ಷರತ್ತಿನ ಮೇಲೆ ಅನೀಸ್ ಒಪ್ಪಿದ. ದೀಪು ಊರಿನ ಬಟ್ಟೆ ಸಾಹುಕಾರನ ಹಿತ್ತಲು ತೋರಿಸಿದ. ಹಗ್ಗದ ಮೇಲೆ ಒಂದು ಕೆಂಪು ರೇಷ್ಮೆ ಶಾಲು. ಬೊಂಬೆ ಕುಕ್ಕರಗಾಲಿನಲ್ಲಿ ಗೋಡೆಯ ನೆರಳಿಗೆ ಸರಿಯಿತು. ಅದರ ಜೊತೆಗೆ ಕುರ್ಚಿಯಲ್ಲಿ ಅನೀಸನೂ ಬಗ್ಗಿದ, ಸ್ಟೂಲಿನಲ್ಲಿ ಮುತ್ತುರಾಜುವೂ ಬಗ್ಗಿದ, ನೂರು ಸಲ ಕದ್ದ ದೀಪುವೂ ಬಗ್ಗಿದ. ಆಧಾರ್ ಜೆರಾಕ್ಸಿಗೆ ಬಂದ ಹೆಂಗಸೊಬ್ಬಳು ಪರದೆ ಸರಿಸಿ, ಉಸಿರು ಹಿಡಿದು ಗುಡ್ಡೆಯಾಗಿ ಕೂತ ಮೂವರು ಗಂಡಸರನ್ನು ಕಂಡು, ನಾಳೆ ಬರುತ್ತೇನೆ ಎಂದು ಹೊರಟುಹೋದಳು.

ಶಾಲು ಕೈಗೆ ಬಂತು. ಅನೀಸ್ ಹೋಗುವ ಮೊದಲು ಜೋಳಿಗೆಯ ಎರಡು ಮೂಲಂಗಿಯನ್ನು ಆ ಹಗ್ಗದ ಕೆಳಗೆ ಇಟ್ಟ. ಯಾಕೆ ಎಂದು ದೀಪು ಕೇಳಿದ್ದಕ್ಕೆ, ಪೂರ್ತಿ ಸುಮ್ಮನೆ ತಗೊಂಡ ಹಾಗಾಗಬಾರದು ಎಂದ. ಶಾಲಿನ ಅಂಚಿನಲ್ಲಿ ಕೈಯ ಆಕಾರದ ಒಂದು ಸಣ್ಣ ಗುರುತು ಮೂಡಿತು. ಕದ್ದ ಮಾಲಿಗೆಲ್ಲ ಆ ಗುರುತು ಬೀಳುತ್ತದೆ, ನಿನಗೆ ಮಾರುವ ಕೆಲಸವಿಲ್ಲವಲ್ಲ, ತಲೆ ಕೆಡಿಸಿಕೊಳ್ಳಬೇಡ ಎಂದು ದೀಪು ಸಮಾಧಾನ ಹೇಳಿದ.

ಸರಿಯಾಗಿ ಆರು ಗಂಟೆಗೆ ಅನೀಸ್ ಹೆಡ್‌ಫೋನ್ ಹಾಕಿ, ಮೇಜಿನ ಮೈಕು ಹತ್ತಿರ ಎಳೆದುಕೊಂಡು ಸೇತುವೆ ಮುಟ್ಟಿದ. ದೀಪು, ಮುತ್ತುರಾಜು ಮರ್ಯಾದೆಗೆಂದು ಎರಡು ಅಡಿ ಹಿಂದೆ ಸರಿದು ಕೂತರು.

ಹಸಿರು ನಿಲುವಂಗಿಯ ಹುಡುಗಿಯೊಬ್ಬಳು ಕಟ್ಟೆಗೊರಗಿ ನಿಂತಿದ್ದಳು. ತಲೆಯ ಮೇಲೆ ‘ಮಿಸ್ಬಾ’ ಎಂದು ಬರೆದಿತ್ತು. ಅನೀಸ್ ಬೊಂಬೆಯನ್ನು ಅವಳ ಹತ್ತಿರ ನಡೆಸಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಹಿಂದಿನ ಮರದ ಮರೆಯಿಂದ ಒಬ್ಬ ದಪ್ಪ ಮನುಷ್ಯ ದೊಣ್ಣೆ ಊರಿಕೊಂಡು ಈಚೆ ಬಂದ. ಅವನ ತಲೆಯ ಮೇಲೆ ‘ಫಕ್ರುದ್ದೀನ್, ಕನಕಪುರ’ ಎಂದು ಬರೆದಿತ್ತು.

“ಅಸ್ಸಲಾಮು ಅಲೈಕುಂ ಮಿಯಾ,” ಎಂದಿತು ಪರಿಚಯದ ದನಿ. “ಮದ್ವೆಗೆ ಮುಂಚೆ ಹುಡ್ಗಿ ಒಬ್ಳೇ ಸೇತುವೆ ಹತ್ರ ನಿಂತ್ರೆ ನಾಕು ಜನ ಏನಂತಾರೆ? ಅದಕ್ಕೇ ಮಗನ ಲ್ಯಾಪ್‌ಟಾಪ್ ಇಸ್ಕೊಂಡು ನಾನೂ ಬಂದೆ. ಮಧ್ಯಾಹ್ನದಿಂದ ಇವ್ಳೇ ಕಲಿಸಿದ್ಲು. ಈಗ ಇವ್ಳು ರೂಮಲ್ಲಿ, ನಾನು ಹಜಾರದಲ್ಲಿ.”

ಅಲ್ಲಿ ನಾಲ್ಕು ಜನ ಇರಲಿಲ್ಲ, ಒಂದು ಬಾತುಕೋಳಿ ಇತ್ತು. ಆದರೆ ಮಾವನಾಗುವವರ ದನಿ ಕಿವಿಗೆ ಬಿದ್ದದ್ದೇ ಅನೀಸ್ ಮರ್ಯಾದೆಗೆಂದು ಎದ್ದು ನಿಂತ. ಹೆಡ್‌ಫೋನಿನ ವೈರು ಕಿತ್ತು ಬಂತು. ಮುಂದಿನ ಮಾತೆಲ್ಲ ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳಿಸಿತು.

ಫಕ್ರುದ್ದೀನರು ಗೂಡಿನ ರೇಟು ವಿಚಾರಿಸಿದರು. ಶರ್ಫುನ್ನೀಸಾರ ಮಂಡಿನೋವು ವಿಚಾರಿಸಿದರು. ಬೊಂಬೆಗೆ ಅಂಗಿ ಯಾಕಿಲ್ಲ ಎಂದು ಕೇಳಿದರು. ಸೆಖೆ ಎಂದ ಅನೀಸ್. ಮಿಸ್ಬಾ ನೀರು ನೋಡುತ್ತಿದ್ದಳು. ಇನ್ನು ಸುಮ್ಮನಿದ್ದರೆ ಇದೂ ಒಂದು ಶುಕ್ರವಾರವಾಗುತ್ತದೆ ಎಂದುಕೊಂಡು ಅನೀಸ್ ಧೈರ್ಯ ಮಾಡಿ ಶಾಲನ್ನು ಅವಳ ಮುಂದೆ ಚಾಚಿದ.

“ನಿಮ್ಗೆ ಅಂತ ತಂದೆ.”

“ತುಂಬ ಚೆನ್ನಾಗಿದೆ,” ಎಂದಳು ಮಿಸ್ಬಾ. ಆ ಎರಡು ಪದ ಅನೀಸನ ಹೊಟ್ಟೆಯನ್ನು ತಣ್ಣಗೆ ಮಾಡಿದವು.

ಫಕ್ರುದ್ದೀನರು ಹತ್ತಿರ ಬಂದು ಬಗ್ಗಿ ನೋಡಿದರು. ಅಂಚಿನಲ್ಲಿರುವ ಕೈಯ ಗುರುತು ಏನು ಎಂದು ಕೇಳಿದರು. ಅದು ಬಟ್ಟೆಯ ಡಿಸೈನು ಅಬ್ಬಾ ಎಂದಳು ಮಿಸ್ಬಾ ತಟ್ಟನೆ. ಆದರೆ ಕದ್ದ ಮಾಲಿನ ಗುರುತು ಇದೆಂದು ಮಧ್ಯಾಹ್ನ ಅಪ್ಪನಿಗೆ ಕಲಿಸಿದ್ದವಳೂ ಅವಳೇ.

“ಕದ್ದ ಶಾಲು ಹೊದಿಸಿ ನನ್ ಮಗಳನ್ನ ಮನೆ ತುಂಬಿಸ್ಕೊತೀಯಾ ಬೇಟಾ?” ಎಂದರು ಫಕ್ರುದ್ದೀನರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು, ಅದೇ ಹೆಚ್ಚು ಚುಚ್ಚಿತು. “ಆಟ ಆದ್ರೇನು. ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ. ಆಮೇಲೆ ಮದ್ವೆ ಮಾತು.”

ಮೂವರ ಬೊಂಬೆಗಳೂ ಸಾಹುಕಾರನ ಹಿತ್ತಲಿಗೆ ನಡೆದವು. ಈ ಆಟದಲ್ಲಿ ಕದ್ದದ್ದನ್ನು ವಾಪಸು ಇಡುವ ಪದ್ಧತಿಯೇ ಇಲ್ಲ, ಯಾರೂ ಇಟ್ಟವರಿಲ್ಲ ಎಂದು ದೀಪು ಹಿಂದಿನಿಂದ ಪಿಸುಗುಟ್ಟುತ್ತಲೇ ಇದ್ದ. ಅನೀಸ್ ಶಾಲನ್ನು ಹಗ್ಗದ ಮೇಲೆ ಹಾಕಿದ. ಸಾಹುಕಾರ ಹೊರಗೆ ಬಂದವನೇ ಶಾಲಿನ ಮೇಲೆ ಅವನ ಕೈ ಕಂಡು ಕೂಗಿಕೊಂಡ. ಎರಡು ನಿಮಿಷದಲ್ಲಿ ಅನೀಸ್ ಆ ದಿನದ ಮೂರನೇ ಜೈಲಿನಲ್ಲಿದ್ದ. ಸಾಲಾಗಿ ಮೂರು ಕೋಣೆ, ಅವನು ಮೊದಲನೆಯದರಲ್ಲಿ. ಮಾಡಿದ್ದು ಸರಿಯಾಯಿತು, ನಾವು ಇಲ್ಲೇ ಬಾಗಿಲಲ್ಲಿ ಕಾಯುತ್ತೇವೆ ಎಂದು ಫಕ್ರುದ್ದೀನರು ಹೊರಗಿನಿಂದ ಹೇಳಿದರು.

ಅಂಗಡಿಯಲ್ಲಿ ಮುತ್ತುರಾಜು ಟವೆಲಿನಿಂದ ಮುಖ ಒರೆಸಿಕೊಂಡ. ಅನೀಸನಿಗೆ ಅಳು ಬರುವಂತಾಗಿತ್ತು. ಒಂದು ಮಾತು ಕೇಳಲು ಬಂದವನು ಕಳ್ಳನ ಹೆಸರು ಹೊತ್ತುಕೊಂಡು ಕೂತಿದ್ದೇನೆ, ಒಪ್ಪಿಗೆ ಇತ್ತೋ ಇಲ್ಲವೋ, ಈಗಂತೂ ಇರಲಾರದು ಎಂದುಕೊಂಡ.

ಜೈಲಿನ ಹೊರಗೆ ಏನೋ ಗಲಾಟೆ ಕೇಳಿಸಿತು. ಬಾಗಿಲು ತೆರೆಯಿತು. ಕಾವಲಿನವನು ಮಿಸ್ಬಾಳನ್ನು ತಂದು ಮೂರನೇ ಕೋಣೆಗೆ ತಳ್ಳಿದ. ಅವಳ ಕೈಯಲ್ಲಿ ಒಂದು ರೊಟ್ಟಿಯಿತ್ತು.

ಇಂಥ ಕಳವನ್ನು ನಾನು ನೋಡೇ ಇಲ್ಲ ಎಂದ ದೀಪು, ಪರದೆಯಲ್ಲಿ ಜೈಲಿನ ಬಾಗಿಲಿನ ಸಂದಿನಿಂದ ಅವನಿಗೆ ಎಲ್ಲ ಕಂಡಿತ್ತು. ಕುಕ್ಕರಗಾಲಿಲ್ಲ, ಮರೆಯಿಲ್ಲ. ಕಾವಲಿನವನು ತನ್ನ ಕಡೆ ತಿರುಗುವ ತನಕ ಕಾದು, ಅವನ ಕಣ್ಣೆದುರಿಗೇ ಪಕ್ಕದ ಅಂಗಡಿಯ ರೊಟ್ಟಿ ಎತ್ತಿದ್ದಳು.

“ಅಬ್ಬಾ ಹೊರಗಿದ್ದಾರೆ, ಬೇಗ ಕೇಳಿ,” ಎಂದಳು ಮಿಸ್ಬಾ ಖಾಲಿ ಕೋಣೆಯ ಆಚೆಯಿಂದ, ದನಿ ತಗ್ಗಿಸಿ. “ನಾಲ್ಕು ತಿಂಗಳಿಂದ ಏನೋ ಗಂಟ್ಲಲ್ಲೇ ಇಟ್ಕೊಂಡಿದೀರಿ. ನಂಗೆ ಗೊತ್ತಾಗಲ್ವಾ?”

“ಈ ಮದ್ವೆ... ನಿಮ್ಗೆ ನಿಜವಾಗ್ಲೂ ಒಪ್ಪಿಗೆನಾ?”

“ಒಪ್ಪದೆ ಇದ್ರೆ ಜೈಲಿಗೆ ಬರ್ತಿದ್ನಾ?”

ಮುತ್ತುರಾಜು ದೀಪುವಿನ ತೋಳು ಹಿಡಿದುಕೊಂಡ. ಅನೀಸನ ಕಣ್ಣು ತುಂಬಿ ಪರದೆ ಕಲಸಿಹೋಯಿತು. ಅವನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಮಿಸ್ಬಾಳೇ ಮತ್ತೆ ಮಾತಾಡಿದಳು.

“ನೀವು? ನಿಮ್ಗೆ? ನಿಮ್ಮ ಅಮ್ಮಿ ಒಪ್ಪಿದ್ದು ಕೇಳ್ದೆ. ನಿಮ್ಮ ಬಾಯಲ್ಲಿ ನಾನು ಇನ್ನೂ ಕೇಳಿಲ್ಲ.”

ಇಷ್ಟು ದಿನ ಅವಳೂ ಇದೇ ನೋವಿನಲ್ಲಿ ಇದ್ದಿರಬಹುದೆಂದು ಅನೀಸನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದ.

ಜೈಲಿನ ಬಾಗಿಲು ಮತ್ತೆ ತೆರೆಯಿತು. ಜೀವಮಾನದಲ್ಲಿ ಒಂದು ಬೆಂಕಿಕಡ್ಡಿಯನ್ನೂ ಕೇಳದೆ ತೆಗೆದುಕೊಂಡವರಲ್ಲ ಫಕ್ರುದ್ದೀನರು. ಅವರನ್ನು ಇಬ್ಬರು ಕಾವಲಿನವರು ರಟ್ಟೆ ಹಿಡಿದು ಒಳಗೆ ತಂದರು. ಕಾವಲಿನವನ ಲಾಟೀನನ್ನೇ ಅವನ ಕೈಯಿಂದ ಕಿತ್ತುಕೊಂಡಿದ್ದರಂತೆ. ಖಾಲಿಯಿದ್ದದ್ದು ನಡುವಿನ ಕೋಣೆ ಒಂದೇ. ಅವರನ್ನು ಅಲ್ಲಿಗೆ ಹಾಕಿದರು.

“ಜೈಲಾದ್ರೂ ಅಷ್ಟೇ, ಹುಡ್ಗಿ ಒಬ್ಳನ್ನೇ ಹೆಂಗೆ ಬಿಡೋದು?” ಎಂದು ಫಕ್ರುದ್ದೀನರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. “ಏನೋ ಹೇಳ್ತಿದ್ಯಲ್ಲ ಬೇಟಾ, ಹೇಳು. ನಾನೇನೂ ಅಂದ್ಕೊಳಲ್ಲ.”

ಹೇಳ್ಬುಡ್ಲಾ, ಹೇಳ್ಬುಡು ಎಂದು ಮುತ್ತುರಾಜು ಬೆನ್ನಿಗೆ ತಿವಿದ.

“ಊಟ ಆಯ್ತಾ ಅಂತ ಕೇಳ್ತಿದ್ದೆ ಮಾಮು,” ಎಂದ ಅನೀಸ್.

ಮುತ್ತುರಾಜು ಹಣೆ ಚಚ್ಚಿಕೊಂಡ. ಮೂರನೇ ಕೋಣೆಯಲ್ಲಿ ಮಿಸ್ಬಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದು ಸ್ಪೀಕರಿನಲ್ಲಿ ಕೇಳಿಸಿತು. ಆರೂವರೆಗೆ ಯಾರ ಮನೆಯಲ್ಲಿ ಊಟವಾಗುತ್ತದೆ ಎಂದು ಫಕ್ರುದ್ದೀನರು ನಕ್ಕರು. ಮಗಳ ಕೋಣೆಯಿಂದ ಅರ್ಧ ರೊಟ್ಟಿ ಇಸಿದುಕೊಂಡು, ಅದರಲ್ಲಿ ಮುಕ್ಕಾಲು ಭಾಗವನ್ನು ಸರಳಿನ ಸಂದಿನಿಂದ ಅಳಿಯನ ಕಡೆಗೆ ದಾಟಿಸಿದರು.

“ಆ ಫೋನಿಗಿಂತ ಇದೇ ವಾಸಿ ಮಿಯಾ,” ಎಂದರು ಕಾಲು ಚಾಚಿಕೊಳ್ಳುತ್ತಾ. “ಮದ್ವೆ ತನಕ ದಿನಾ ಆರಕ್ಕೆ ಮೂರು ಜನಾನೂ ಇಲ್ಲೇ ಸೇರೋಣ.”